ಆರನೇ ಮನೆ

ಜೂನ್ ೧೨, ಗುರುವಾರ

ಕೃಷ್ಣವೇಣಿಯವರ ಎದೆಯ ಗಂಟು ಕ್ಯಾನ್ಸರಂತೆ. ಬೇರೆ ಕಡೆಗೂ ಹರಡಿದೆಯಂತೆ. ಬೆಳಿಗ್ಗೆ ಕೊಡಿಗೇಹಳ್ಳಿಯಿಂದ ಅವರ ಮಗಳು ಗೌತಮಿ ಫೋನ್ ಮಾಡಿದ್ದಳು. “ಅಮ್ಮ ಟೆಸ್ಟೇ ಬೇಡ ಅಂದ್ಬಿಟ್ಟಿದ್ರು ಆಂಟಿ. ಕಾರ್ಡಲ್ಲಿ ಚೆನ್ನಾಗಿ ಬಂದಿದೆ ಅಂತ ನೀವೇ ಹೇಳಿದ್ರಂತಲ್ಲ?”

ಹೇಳಿದ್ದೆ. ಜನವರಿಯಲ್ಲಿ ಅವರ ಭವಿಷ್ಯ ನೋಡಲು ಹನ್ನೆರಡು ಮನೆಗಳಿಗೆ ಟ್ಯಾರೋ ಕಾರ್ಡುಗಳನ್ನು ವೃತ್ತವಾಗಿ ಹಾಕಿದಾಗ, ರೋಗದ ಆರನೇ ಮನೆಯಲ್ಲಿ ಸೂರ್ಯ ನಗುತ್ತಿದ್ದ.

ಸಂಜೆ ಅವತ್ತಿನ ಫೋಟೋ ತೆಗೆದು ನೋಡಿದೆ. ಟ್ಯಾರೋದಲ್ಲಿ ಮನೆಗಳನ್ನು ಅಪ್ರದಕ್ಷಿಣೆಯಾಗಿ ಎಣಿಸಬೇಕು. ನಾನು ಪ್ರದಕ್ಷಿಣೆಯಾಗಿ ಎಣಿಸಿದ್ದೇನೆ, ಜಾತಕ ನೋಡುತ್ತಿದ್ದ ಅಪ್ಪನಿಂದ ಬಂದ ಅಭ್ಯಾಸ. ಎಂಟನೇ ಮನೆಯನ್ನು ಆರನೆಯದೆಂದು ಓದಿದ್ದೇನೆ. ನಿಜವಾದ ಆರನೇ ಮನೆಯಲ್ಲಿದ್ದದ್ದು ಎದೆಗೆ ಚುಚ್ಚಿದ ಮೂರು ಕತ್ತಿ.

ಎರಡು ಗಂಟೆ ಆ ತಪ್ಪನ್ನೇ ಹಿಡಿದುಕೊಂಡು ಕೂತಿದ್ದೆ, ಅದೇ ದೊಡ್ಡದು ಎಂಬಂತೆ. ಕೃಷ್ಣವೇಣಿಯವರು ಅವತ್ತು ನನ್ನ ಕೈ ಹಿಡಿದು ಗಂಟು ಮುಟ್ಟಿಸಿದ್ದರು. ಡಾಕ್ಟರ ಹತ್ತಿರ ಹೋಗಿ ಎನ್ನಲು ನಾನು ಯಾವ ಮನೆ ಎಣಿಸಬೇಕಿತ್ತು?

ಊಟದ ಹೊತ್ತಿಗೆ ಅವರೇ ಫೋನ್ ಮಾಡಿದರು. ಬೈಯಲಿಲ್ಲ. “ನಿಮ್ಮ ಕೈಗುಣ ಒಳ್ಳೇದು ಕಣ್ರೀ. ಭಾನುವಾರ ಬರ್ತೀನಿ, ಇನ್ನೊಂದ್ಸಲ ಹಾಕಿ ನೋಡಿ.”

ಬನ್ನಿ ಅಂದೆ.