ಸೂತಕದ ಮನೆಯಲ್ಲಿ ಹವಳದ ಲೋಳೆ

ಪಾಂಡವಪುರ
14-12-2024

ಹವಳದ ದಿಬ್ಬಗಳ ಮಹಾರಾಣಿಯೇ, ಕಣ್ಣಿಗೆ ಕಾಣದ ಕೋಟಿ ಬ್ಯಾಕ್ಟೀರಿಯಾಗಳ ಚಕ್ರವರ್ತಿನಿಯೇ, ಕಟ್ಟಿಕೊಂಡ ಗಂಡನ ಫೋನನ್ನು ಮಾತ್ರ ಎತ್ತಲಾರದ ರಂಜಿತಾ,

ನಗಬೇಡ. ಹನ್ನೆರಡು ವರ್ಷ ನಾಟಕದಲ್ಲಿ ದುರ್ಯೋಧನನ ಗದೆ ಹೊತ್ತವನಿಗೆ ಮೆಲ್ಲಗೆ ಬರೆಯಲು ಬರುವುದಿಲ್ಲ. ನಾಗಮಂಗಲದ ಬಯಲಿನಲ್ಲಿ ಕೊನೆಯ ಸಾಲಿಗೂ ಮುಟ್ಟುವಂತೆ ಗರ್ಜಿಸಿದವನು, ಆರು ತಿಂಗಳಿಂದ ಒಬ್ಬ ಹೆಂಡತಿಯ ಕಿವಿ ಮುಟ್ಟಲಾರದೆ ಕೂತಿದ್ದೇನೆ!

ನಿನ್ನ ಸಂಸ್ಥೆಯ ಪತ್ರ ಇಲ್ಲಿಗೆ ಬಂತು. ಒಡೆದು ಓದಿದೆ. ಹವಳದ ಲೋಳೆಯ ಮಾದರಿಗಳು ಹಾಳಾದದ್ದು ‘ನನ್ನ ಅಜಾಗರೂಕತೆ’ ಎಂದು ಬರೆದುಕೊಟ್ಟಿದ್ದೀಯಂತೆ. ಬೇರೆ ಕಾರಣವಿದ್ದರೆ ತಿಂಗಳೊಳಗೆ ತಿಳಿಸಬೇಕಂತೆ, ಇಲ್ಲದಿದ್ದರೆ ನಿನ್ನ ಸಂಶೋಧನೆ ರದ್ದು. ಆಹಾ, ಏನು ತ್ಯಾಗ! ಯಾರಿಗೆ ತೋರಿಸಲು?

ನಮ್ಮವ್ವ ಮಂಗಳಮ್ಮ ಬದುಕಿದ್ದಾಗ ನೀನೇ ಅವಳಿಗೆ ಬಿಡಿಸಿ ಹೇಳಿದ್ದೆ. ಹವಳದ ಮೈಯೊಳಗೆ ಪಾಚಿ ಬಿಸಿಲಿನಿಂದ ಅನ್ನ ಮಾಡುತ್ತದೆ. ಮೇಲಿನ ಲೋಳೆಯಲ್ಲಿ ಬ್ಯಾಕ್ಟೀರಿಯಾ ಕಾವಲಿರುತ್ತವೆ. ಸಮುದ್ರ ಕಾದರೆ ಕಾವಲಿನವು ಬದಲಾಗುತ್ತವೆ, ಹವಳ ಪಾಚಿಯನ್ನು ಆಚೆ ನೂಕಿ ಬಿಳಿಚಿಕೊಳ್ಳುತ್ತದೆ. ಅವ್ವ, “ಅನ್ನ ಇಕ್ಕೋರ್ನೇ ಆಚೆಗೆ ನೂಕ್ತದಾ? ನಮ್ ದಿಲೀಪನ್ ಬುದ್ದಿ ಬಂದದೆ ಬುಡವ್ವ ಅದ್ಕೆ” ಎಂದು ಹೊಟ್ಟೆ ಹಿಡಿದು ನಕ್ಕಿದ್ದಳು.

ಅವಳು ಸತ್ತ ಮೂರನೆಯ ದಿನ ನೀನು ಲಕ್ಷದ್ವೀಪದಿಂದ ಬಂದೆ, ಕೈಯಲ್ಲಿ ಆ ಮಾದರಿಗಳ ಬಿಳಿ ಪೆಟ್ಟಿಗೆ. ಅವಳ ಫೋಟೊ ಮುಂದೆ ಕೂರುವ ಮೊದಲು ಅದನ್ನಿಡಲು ಫ್ರಿಜ್ಜಿನ ಬಾಗಿಲು ತೆರೆದೆ. ನಾನೂ ನೋಡಿದೆ, ಊರೂ ನೋಡಿತು.

ಹತ್ತನೆಯ ದಿನ ಸೂತಕ ಕಳೆಯಲು ಮನೆ ತೊಳೆದೆವು. ಸಾವಿನ ಮನೆಯಲ್ಲಿದ್ದ ನೀರು, ಹಿಟ್ಟು, ಹಾಲು ಎಲ್ಲವೂ ಆಚೆಗೆ. ನೀನು ರೈಲ್ವೆ ಸ್ಟೇಷನ್ನಿಗೆ ಹೋಗಿದ್ದೆ. ಹನ್ನೆರಡನೆಯ ದಿನಕ್ಕೇ ವಾಪಸು ಟಿಕೆಟ್ಟು ಮಾಡಿಸಲು! ಸಿಂಧಘಟ್ಟದ ಸೋದರತ್ತೆ ಚಿಕ್ಕಬೋರಮ್ಮ ಫ್ರಿಜ್ಜು ತೆಗೆದು, “ಇದೇನ್ಲಾ ದಿಲೀಪ, ಸತ್ ಮೀನಿನ್ ನೀರಾ? ಇದ್ನ ಮಡಿಕ್ಕಂಡು ಅವ್ವಂಗೆ ಎಡೆ ಇಕ್ಕೀಯಾ?” ಎಂದು ಪೆಟ್ಟಿಗೆಯನ್ನು ಜಗಲಿಗಿಟ್ಟಳು. ಅಷ್ಟೇ ಅವಳು ಮಾಡಿದ್ದು.

ನೀನು ಬಂದು ಕೇಳಿದಾಗ ನಾನು ಬೆರಳು ತೋರಿಸಿದ್ದು ಅವಳ ಕಡೆಗೆ. ನೀನು ಖಾಲಿ ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದೆ. ಅತ್ತೆ ಆಮೇಲೆ ನಮ್ಮ ಹೊಸಿಲು ತುಳಿದಿಲ್ಲ. ಮೊನ್ನೆ ಕೆ.ಆರ್. ಪೇಟೆ ಸಂತೆಯಲ್ಲಿ ನನ್ನನ್ನು ನಿಲ್ಲಿಸಿ, “ಟೇಜಿನ್ ಮ್ಯಾಲೆ ಗದೆ ಎತ್ತೀಯೆ, ಹೆಂಡ್ರು ಮುಂದೆ ನಾಲ್ಗೆ ಎತ್ನಿಲ್ವಲ್ಲೋ ಲೇ” ಎಂದಳು. ಸುತ್ತ ಇದ್ದವರೆಲ್ಲ ನಕ್ಕರು.

ಚೆಲ್ಲಿದವನು ನಾನು, ರಂಜಿತಾ. ಬಚ್ಚಲ ಮೋರಿಗೆ, ಪೆಟ್ಟಿಗೆಯೊಳಗಿನ ಒಂದೊಂದೇ ಕೊಳವೆಯ ಮುಚ್ಚಳ ಬಿಚ್ಚಿ. ಗಡಿಬಿಡಿಯಲ್ಲಿ, ಏನೆಂದು ತಿಳಿಯದೆ. ಹಾಗೆಂದೇ ಬರೆದು ಸಹಿ ಹಾಕಿದ ಕಾಗದ ಇದರ ಜೊತೆಗಿದೆ. ಸಂಸ್ಥೆಗೆ ಕೊಡು, ನಿನ್ನ ಕೆಲಸ ಉಳಿಯಲಿ. ಕ್ಷಮೆ ಕೇಳುತ್ತಿಲ್ಲ. ನಮ್ಮವ್ವನಿಗಾಗಿ ನೀನು ಒಂದು ಹನಿ ಕಣ್ಣೀರು ಹಾಕಿದ್ದನ್ನು ನಾನು ಕಾಣಲಿಲ್ಲ.

ಇತಿ,
ನಿನ್ನವನು ಹೌದೋ ಅಲ್ಲವೋ ನೀನೇ ಹೇಳಬೇಕಾದ
ದಿಲೀಪ

ಮ.ವಿ.: ಆ ಕಾಗದದಲ್ಲಿ ‘ತಿಳಿಯದೆ’ ಎಂಬುದೊಂದು ಸುಳ್ಳು. ಕೊಳವೆಗಳ ಮೇಲಿನ ನಿನ್ನ ಅಕ್ಷರ ಓದಿದ್ದೆ. ಒಂದೇ ಹವಳ: ನೀರು ಕಾಯುವ ಮೊದಲು, ಕಾದಾಗ, ಬಿಳಿಚಿದ ಮೇಲೆ. ಅದು ಈಗ ಸತ್ತಿದೆ, ಈ ಲೋಳೆ ಮತ್ತೆ ಸಿಗುವುದಿಲ್ಲ ಎಂದು ಹಿಂದಿನ ದಿನವಷ್ಟೇ ನೀನು ಹೇಳಿದ್ದೆ. ಸಿಗುವಂತಿದ್ದರೆ ಚೆಲ್ಲುತ್ತಿರಲಿಲ್ಲ.