ಇಪ್ಪತ್ತು ಕಾಲರ್

ಮಂಗಳವಾರ, ಮಾರ್ಚ್ 11

ತಮ್ಮ ಹೋಗಿ ಮೂರು ವಾರವಾಯಿತು. ವೈದ್ಯರು ಇವತ್ತು ಹೇಳಿದ್ದು ತಲೆಯಿಂದ ಇಳಿಯುತ್ತಿಲ್ಲ. ನಿದ್ದೆ ತಡೆಯಲು ಅವನು ಗುಟ್ಟಾಗಿ ನುಂಗುತ್ತಿದ್ದ ಮಾತ್ರೆ, ಮಿದುಳಿನಲ್ಲಿ ಖುಷಿ ಹುಟ್ಟಿಸುವ ಡೋಪಮೈನನ್ನು ಒಮ್ಮೆಗೇ ಹೊರಗೆ ಸುರಿದುಬಿಡುತ್ತದಂತೆ. ಆಗ ನಿದ್ದೆ, ಹಸಿವು ಎರಡೂ ಬೇಡ. ಅಮಲು ಇಳಿದ ಮೇಲೆ ಯಾವುದರಲ್ಲೂ ಖುಷಿ ಹುಟ್ಟುವುದಿಲ್ಲವಂತೆ.

ನಮ್ಮ ಹೊಲಿಗೆ ಅಂಗಡಿಯಲ್ಲಿ ಅವನು ಎರಡು ದಿನ ಮಲಗದೆ ಅರವತ್ತು ಸಮವಸ್ತ್ರ ಹೊಲಿದಾಗ, ‘ನನ್ನ ತಮ್ಮ ಬಂಗಾರ’ ಎಂದು ಗಿರಾಕಿಗಳ ಮುಂದೆ ಬೀಗಿದವಳು ನಾನು. ಮೂರನೇ ದಿನ ಮಷಿನ್ ಮುಂದೆ ಸುಮ್ಮನೆ ಕೂತಿದ್ದ.

“ಅಕ್ಕಾ, ನನ್ನ ಮಗು ನಕ್ರೂ ನಂಗೇನೂ ಅನ್ನಿಸ್ತಿಲ್ಲ.”

“ನಾಟಕ ಸಾಕು ಕಣೋ. ಇನ್ನೂ ಇಪ್ಪತ್ತು ಕಾಲರ್ ಬಾಕಿ ಇದೆ, ಹೊಲಿ.”

ಜೇಬಿನಿಂದ ಮಾತ್ರೆ ತೆಗೆದು ನೀರು ಕೇಳಿದ. ತಲೆನೋವಿನ ಮಾತ್ರೆಯೆಂದುಕೊಂಡು ನಾನೇ ಲೋಟ ತುಂಬಿಸಿ ಕೊಟ್ಟೆ.

ಇಪ್ಪತ್ತೂ ಮುಗಿಸಿದ, ಒಂದೂ ಸೊಟ್ಟಗಿಲ್ಲ. ಸಂಜೆಗೆ ಹೃದಯ ನಿಂತಿತು.

ಲೋಟ ಇನ್ನೂ ಮಷಿನ್ ಪಕ್ಕದಲ್ಲೇ ಇದೆ. ತೊಳೆಯಬೇಕೆಂದು ದಿನವೂ ಎತ್ತಿಕೊಳ್ಳುತ್ತೇನೆ, ಆಮೇಲೆ ಅಲ್ಲೇ ಇಟ್ಟುಬಿಡುತ್ತೇನೆ.