ಬುತ್ತಿ ಕಟ್ಟಿಕೊಂಡು ಬಂದ ಕಳ್ಳ

ಮಾರ್ಚ್ ೧೧, ರಾತ್ರಿ

ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಏನೂ ಬೆಳೆದಿಲ್ಲ. ಇಷ್ಟು ಖುಷಿ ಮದುವೆಯ ದಿನವೂ ಆಗಿರಲಿಲ್ಲ. ಹೆಂಡತಿ ಇದನ್ನು ಓದದಿದ್ದರೆ ಕ್ಷೇಮ.

ನಮ್ಮ ರೋಗಾಣುವಿಗೆ ಬಯೋಟಿನ್ ಎಂಬ ಜೀವಸತ್ವ ತಯಾರಿಸಲು ಬಾರದು. ಅದಿಲ್ಲದಿದ್ದರೆ ಅದರ ಕಿಣ್ವಗಳು ಕೈಕಟ್ಟಿ ಕೂರುತ್ತವೆ. ಹಾಗಾಗಿ ನಮ್ಮ ರಕ್ತದಿಂದ ಕದಿಯುತ್ತದೆ. ಕದ್ದ ಮಾಲು ಒಳಹೋಗುವ ಬಾಗಿಲು ಅದರ ಪೊರೆಯಲ್ಲಿರುವ ಈ ಪ್ರೋಟೀನೇ ಎಂದು ಬೆರಳು ತೋರಿಸಿದವನು ನಾನು. ಆ ಬಾಗಿಲಿನ ಜೀನ್ ಕಿತ್ತುಹಾಕಿದರೂ ದರಿದ್ರದ್ದು ಬೆಳೆಯುತ್ತಲೇ ಇತ್ತು.

“ಇದೊಂದು ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ನಿಮ್ಮ ಬಾಗಿಲಿನ ಕಥೆ ಬಿಟ್ಬಿಡಿ,” ಎಂದಿದ್ದರು ಮಾರ್ಗದರ್ಶಕಿ ಮೇಡಂ.

ಆಮೇಲೆ ಹೊಳೆಯಿತು. ಬಯೋಟಿನ್ ತುಂಬಿ ತುಳುಕುವ ದ್ರವದಲ್ಲಿ ಸಾಕಿ, ಅಲ್ಲಿಂದ ನೇರವಾಗಿ ತಟ್ಟೆಗೆ ಹಾಕುತ್ತಿದ್ದೆ. ಕಳ್ಳ ಬುತ್ತಿ ಕಟ್ಟಿಕೊಂಡೇ ಬರುತ್ತಿದ್ದ! ಈ ಸಲ ಮೊದಲು ಬಯೋಟಿನ್ ಕೊಡದೆ ಉಪವಾಸ ಕೆಡವಿದೆ. ಜೀನ್ ಕೀಳದೆ ಬಿಟ್ಟಿದ್ದ, ಬಾಗಿಲಿದ್ದ ಅಣ್ಣ ಪಕ್ಕದ ತಟ್ಟೆಯಲ್ಲಿದ್ದ ಚೂರು ಬಯೋಟಿನ್ ಕದ್ದು ಕೊಬ್ಬಿದ. ಅಷ್ಟೇ ಬಯೋಟಿನ್ ಇದ್ದರೂ ಬಾಗಿಲಿಲ್ಲದ ಇವನ ತಟ್ಟೆ ಬೋಳು.

ಮೇಡಂ ಅದನ್ನು ಬೆಳಕಿಗೆ ಹಿಡಿದು, “ಬರೀರಿ ಪೇಪರು,” ಎಂದರು.

ಅಮ್ಮನಿಗೆ ಫೋನ್ ಮಾಡಿದೆ. “ಅಮ್ಮ, ಏನೂ ಬೆಳೀಲಿಲ್ಲ.”

“ಹೋಗ್ಲಿ ಬಿಡೋ, ನಾಳೆ ಬೆಳೆಯುತ್ತೆ.”

ಅಮ್ಮನ ಹಾರೈಕೆ ಎಂದೂ ಹುಸಿಯಾಗಿಲ್ಲ. ದೇವರೇ, ಇದೊಂದು ಸಲ...